ಕೆಲವೊಮ್ಮೆ ನೆಲವೇ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆಯನ್ನು ನಾವು ಮಕ್ಕಳ ಮೇಲೆ ಬಹಳ ಸಲೀಸಾಗಿ ಎಸೆಯುತ್ತೇವೆ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಹಿಡಿದ ಹುಡುಗಿ ‘ಸಾರ್, ಇದು ಕಿರುಚುತ್ತೆ’ ಅಂದರೆ, ‘ವಾದ್ಯ ಸರಿಯಾಗೇ ಇದೆ, ಊದೋಕೆ ನಿನಗೆ ಬರಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಕೆಯ ಕೈಯಿಂದ ವಾದ್ಯ ತೆಗೆದುಕೊಂಡು ಮೂತಿಗೆ ಕಟ್ಟಿದ ರೀಡ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ತುದಿ ಮುಕ್ಕಾಗಿರುತ್ತದೆ, ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ, ಹಿಂಬದಿಗೆ ಕಪ್ಪು ಹಿಡಿದಿರುತ್ತದೆ. ಕಳೆದ ವರ್ಷ ಊದಿದ ಮಗು ಬಿಟ್ಟುಹೋದ ರೀಡನ್ನೇ ಈ ವರ್ಷದ ಮಗುವೂ ಊದುತ್ತಿರುತ್ತದೆ. ಅಂಥ ರೀಡಿನಲ್ಲಿ ದೊಡ್ಡ ವಿದ್ವಾಂಸರು ಊದಿದರೂ ಅದು ಕಿರುಚುತ್ತದೆ. ಇಲ್ಲಿ ನೆಲವೇ ಡೊಂಕು.

ಆಗಸ್ಟ್ 15ರ ತಾಲೀಮಿನ ದಿನಗಳಲ್ಲಿ ಸೇಲಂ, ಧರ್ಮಪುರಿ ಜಿಲ್ಲೆಗಳ ಶಾಲಾ ಮೈದಾನಗಳಲ್ಲಿ ಬೆಳಗ್ಗೆ ಎಂಟರ ಮೊದಲೇ ಸೈಡ್ ಡ್ರಮ್ಮಿನ ಸದ್ದು ಏಳುತ್ತದೆ. ಇದು ವಾದ್ಯಕ್ಕೆ ಹೊಸ ಸೀಮೆ ಅಲ್ಲ. ಆಡಿ ತಿಂಗಳು ಬಂತೆಂದರೆ ಸೇಲಂ ಕೋಟೆ ಮಾರಿಯಮ್ಮನ ಹಬ್ಬಕ್ಕೆ ಊರೆಲ್ಲ ಮೇಳದ ಸದ್ದು. ಧರ್ಮಪುರಿ ಕಡೆ ಜೋಡಿ ಡೋಲಿನ ಪಂಬೆ ಇಲ್ಲದೆ ಅಮ್ಮನ ಜಾತ್ರೆ ಹೊರಡುವುದಿಲ್ಲ. ಕನ್ನಡ ಮನೆಮಾತಿನ ದೇವಾಂಗ ನೇಕಾರರ ಬೀದಿಗಳಲ್ಲಿ ಚೌಡೇಶ್ವರಿ ಅಮ್ಮನಿಗೆ ಕತ್ತಿ ಹಿಡಿದು ಅಲಗು ಸೇವೆ ಮಾಡುವವರ ಹೆಜ್ಜೆಗೂ ವಾದ್ಯವೇ ಆಧಾರ. ಸೇಲಂನಲ್ಲಿ ಸರ್ಕಾರದ ಜಿಲ್ಲಾ ಸಂಗೀತ ಶಾಲೆಯೂ ಇದೆ. ಗಾಯನ, ಪಿಟೀಲು, ಮೃದಂಗ, ಭರತನಾಟ್ಯಗಳ ಜೊತೆ ನಾದಸ್ವರ, ತವಿಲ್ ಕಲಿಸುತ್ತಾರೆ. ಇಷ್ಟು ಕಿವಿಯುಳ್ಳ ಊರುಗಳಲ್ಲಿ ಶಾಲಾ ಬ್ಯಾಂಡಿಗೆ ದುಡ್ಡು ಕೂಡಿದಾಗ ಅದು ಹೋಗುವುದೆಲ್ಲಿಗೆ? ಜರಿ ಪಟ್ಟಿಯ ಕೋಟು, ಟೋಪಿಗೆ ಗರಿ, ಡ್ರಮ್ಮಿನ ಸುತ್ತ ಶಾಲೆಯ ಹೆಸರು ಬರೆದ ಹೊಳೆಯುವ ಹಾಳೆ. ಸ್ಕಿನ್ ಮಾತ್ರ ಹಳೆಯದೇ, ನಡುವೆ ಗುಳಿ ಬಿದ್ದು ಸೆಲ್ಲೋಟೇಪು ಹಚ್ಚಿದ್ದು. ಮೇಲೆ ಥಳುಕು, ಒಳಗೆ ಹುಳುಕು ಎಂದು ಹಿರಿಯರು ಅಂದದ್ದು ಇದನ್ನೇ.

ಸಮವಸ್ತ್ರ ಬೇಡ ಎನ್ನುತ್ತಿಲ್ಲ. ಮಕ್ಕಳಿಗೆ ಅದರ ಸಂಭ್ರಮ ಇರಬೇಕು. ಆದರೆ ಸದ್ದು ಹುಟ್ಟುವ ಜಾಗಕ್ಕೆ ಮೊದಲ ದುಡ್ಡು ಸಲ್ಲಬೇಕು. ಊದುವ ವಾದ್ಯವಾದರೆ ತುಟಿಗೆ ತಾಗುವ ಭಾಗ, ಬಾರಿಸುವ ವಾದ್ಯವಾದರೆ ಕೋಲು ತಾಗುವ ಭಾಗ. ಉಳಿದದ್ದೆಲ್ಲ ಆಮೇಲೆ.

ಈ ಲೆಕ್ಕ ನಮ್ಮ ನಾದಸ್ವರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮದುವೆ ಮನೆಯಲ್ಲಿ ಓಲಗದವರು ಬಿಡುವು ತೆಗೆದುಕೊಂಡಾಗ ಹತ್ತಿರ ಹೋಗಿ ನೋಡಿ. ವಾದ್ಯದ ಬಾಯಿಯ ಹತ್ತಿರ ದಾರದಲ್ಲಿ ಒಂದು ಗೊಂಚಲು ನೇತಾಡುತ್ತಿರುತ್ತದೆ. ದೂರಕ್ಕೆ ಅಲಂಕಾರದಂತೆ ಕಂಡರೂ ಅದು ಪೂರಾ ಕೆಲಸದ ಸಾಮಾನು. ಅದರಲ್ಲಿರುವುದು ಬದಲಿ ಜೀವಾಳಿಗಳು, ಅಂದರೆ ನಾದಸ್ವರದ ರೀಡುಗಳು, ಜೊತೆಗೊಂದು ಸಣ್ಣ ಕಡ್ಡಿ, ಹಿಂದೆ ದಂತದ್ದು ಇರುತ್ತಿತ್ತು. ಜೀವಾಳಿಯ ಎರಡು ಎಸಳುಗಳ ನಡುವೆ ಎಂಜಲು ಕಟ್ಟಿಕೊಂಡರೆ ಆ ಕಡ್ಡಿಯಿಂದ ಬಿಡಿಸುತ್ತಾರೆ, ಬಾಯಿ ತೆರಪನ್ನು ಚೂರು ಹಿಗ್ಗಿಸುತ್ತಾರೆ, ಮತ್ತೆ ನಾಲಿಗೆಯಲ್ಲಿ ಒದ್ದೆ ಮಾಡಿ ಕೂರಿಸುತ್ತಾರೆ. ಕಛೇರಿಯ ನಡುವೆ ಒಂದು ಜೀವಾಳಿ ಕೈಕೊಟ್ಟರೆ ಇನ್ನೊಂದು, ಅದೂ ಹೊಂದದಿದ್ದರೆ ಮತ್ತೊಂದು. ವಾದ್ಯದ ಉದ್ದಕ್ಕೆ, ಶ್ರುತಿಗೆ ತಕ್ಕ ಜೀವಾಳಿಯನ್ನೇ ಆರಿಸುತ್ತಾರೆ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಬ್ಯಾಂಡ್ ವಾದ್ಯಗಳ ಬಿಡಿಭಾಗ ಕೊಳ್ಳುವವರು ತಿಳಿಯಬೇಕಾದ ಅರ್ಧ ವಿದ್ಯೆ ಆ ಗೊಂಚಲಲ್ಲಿದೆ.

ಕ್ಲಾರಿನೆಟ್ಟಿಗೂ ಸ್ಯಾಕ್ಸೊಫೋನಿಗೂ ರೀಡು ಒಂದೇ ಎಸಳಿನದು. ಅರುಂಡೋ ಡೋನಾಕ್ಸ್ ಎಂಬ ಜೊಂಡಿನಿಂದ ಅದನ್ನು ಮಾಡುತ್ತಾರೆ. ಒಳ್ಳೆಯ ಜೊಂಡು ಬೆಳೆಯುವುದು ಫ್ರಾನ್ಸಿನ ದಕ್ಷಿಣದ ವಾರ್ ಸೀಮೆಯಲ್ಲಿ. 1905ರಿಂದ ರೀಡು ಮಾಡುತ್ತಿರುವ ವಾಂಡೊರೆನ್ ಮನೆತನದ ಹೆಸರನ್ನು ಅಂಗಡಿಯವರೆಲ್ಲ ಹೇಳುತ್ತಾರೆ. ಡಬ್ಬಿಯ ಮೇಲೆ ಒಂದೂವರೆ, ಎರಡು, ಎರಡೂವರೆ, ಮೂರು ಎಂಬ ಅಂಕಿ ಇರುತ್ತದೆ. ಇಲ್ಲೇ ತಂದೆತಾಯಿ ಎಡವುವುದು. ಮೂರನೇ ನಂಬರು ಎಂದರೆ ಮೇಲಿನ ತರಗತಿ ಎಂದುಕೊಂಡು ಹೊಸದಾಗಿ ಕಲಿಯುವ ಮಗುವಿಗೆ ಅದನ್ನೇ ತಂದುಕೊಡುತ್ತಾರೆ. ಆ ಅಂಕಿ ಚಪ್ಪಲಿಯ ಅಳತೆ ಇದ್ದ ಹಾಗೆ, ಅದರಲ್ಲಿ ಮೇಲು ಕೀಳು ಇಲ್ಲ. ಅಂಕಿ ಏರಿದಷ್ಟೂ ರೀಡು ಗಟ್ಟಿ, ಅಷ್ಟೆ. ತುಟಿಯ ಸ್ನಾಯು ಇನ್ನೂ ಬಲಿಯದ ಮಗು ಗಟ್ಟಿ ರೀಡನ್ನು ಊದಲು ಹೊರಟರೆ ಕೆನ್ನೆ ಉಬ್ಬುತ್ತದೆ, ಹಲ್ಲು ಕೆಳತುಟಿಗೆ ನಾಟುತ್ತದೆ, ಸ್ವರದ ಬದಲು ಬರೀ ಗಾಳಿ ಬರುತ್ತದೆ. ಆರಂಭಕ್ಕೆ ಎರಡು ಅಥವಾ ಎರಡೂವರೆ ಸಾಕು. ತುಟಿ ಬಲಿತು ದನಿ ತೆಳುವಾಗತೊಡಗಿದಾಗ ಅರ್ಧ ಅಂಕಿ ಏರಿಸಿದರಾಯಿತು.

ಒಂದೇ ರೀಡಿನಲ್ಲಿ ವರ್ಷ ತಳ್ಳುವುದು ಇನ್ನೊಂದು ಕೆಟ್ಟ ಚಾಳಿ. ಮಗುವಿನ ಬಳಿ ಮೂರು ನಾಲ್ಕು ರೀಡು ಇರಬೇಕು, ದಿನಕ್ಕೊಂದರಂತೆ ಸರದಿ ಹಾಕಬೇಕು, ಊದಿದ ಮೇಲೆ ಒರೆಸಿ ಸಪಾಟಾದ ಪೆಟ್ಟಿಗೆಯಲ್ಲಿಡಬೇಕು. ರೀಡು ಇಡುವ ಆ ಪುಟ್ಟ ಪೆಟ್ಟಿಗೆಯನ್ನು ನಾನು ಎಲ್ಲಕ್ಕಿಂತ ಮೊದಲು ಕೊಳ್ಳಲು ಹೇಳುತ್ತೇನೆ. ಅದು ಇಲ್ಲದೆ ರೀಡನ್ನು ಮೌತ್‌ಪೀಸಿನಲ್ಲೇ ಬಿಟ್ಟರೆ ಧರ್ಮಪುರಿಯ ಬೇಸಗೆಯಲ್ಲಿ ಒಣಗಿ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಏರ್ಕಾಡು ಬೆಟ್ಟದ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಈಗ ಪ್ಲಾಸ್ಟಿಕ್ ಜಾತಿಯ ರೀಡುಗಳೂ ಬಂದಿವೆ. ಬೆಲೆ ಜಾಸ್ತಿ, ಆದರೆ ತಿಂಗಳುಗಟ್ಟಲೆ ಬಾಳುತ್ತವೆ, ಒದ್ದೆ ಮಾಡುವ ಗೊಡವೆ ಇಲ್ಲ. ಬಿಸಿಲಲ್ಲಿ ನಿಂತು ನುಡಿಸುವ ಮೆರವಣಿಗೆ ಬ್ಯಾಂಡಿಗೆ ಅವು ನಿಜಕ್ಕೂ ಒದಗುತ್ತವೆ.

ರೀಡಿನ ನಂತರದ ಸರದಿ ಮೌತ್‌ಪೀಸಿನದು. ಅಗ್ಗದ ಕ್ಲಾರಿನೆಟ್ಟಿನ ಜೊತೆ ಬರುವ ಮೌತ್‌ಪೀಸಿನಲ್ಲಿ ರೀಡು ಕೂರುವ ಮೇಜು ಸಮವಾಗಿರುವುದಿಲ್ಲ. ಒಂದು ಪಕ್ಕ ಎತ್ತರ, ಇನ್ನೊಂದು ಪಕ್ಕ ತಗ್ಗು. ಗಾಳಿ ಸೋರುತ್ತದೆ. ಗಾಜಿನ ಮೇಲಿಟ್ಟು ನೋಡಿದರೆ ಗೊತ್ತಾಗುತ್ತದೆ. ಅಂಥದನ್ನು ಎಸೆದು ಯಮಾಹಾ ಕಂಪನಿಯ 4ಸಿ ಎಂಬ ಸಾಧಾರಣ ಮೌತ್‌ಪೀಸ್ ಹಾಕಿದರೂ ಸಾಕು, ವಾದ್ಯ ಬೇರೆಯೇ ಆದಂತೆ ನುಡಿಯುತ್ತದೆ. ಹಳೆಯ ಶಾಲಾ ವಾದ್ಯಕ್ಕೆ ಮಾಡಬಹುದಾದ ಅತ್ಯಂತ ಲಾಭದ ಖರ್ಚು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮೌತ್‌ಪೀಸಿನ ತುದಿಯ ತೆರಪು ದೊಡ್ಡದಾದಷ್ಟೂ ಮೆದು ರೀಡು ಬೇಕು, ಸಣ್ಣದಾದರೆ ಸ್ವಲ್ಪ ಗಟ್ಟಿಯದು ಹೊಂದುತ್ತದೆ. ಎರಡನ್ನೂ ಒಟ್ಟಿಗೇ ಆರಿಸಬೇಕು. ರೀಡನ್ನು ಬಿಗಿಯುವ ಲಿಗೇಚರ್ ಚಿನ್ನದ ಲೇಪದ್ದು, ಚರ್ಮದ್ದು ಎಂದು ಅಂಗಡಿಯವರು ತೋರಿಸಿದರೆ ನೋಡಿ ಸಂತೋಷಪಟ್ಟು ಹಿಂದಿರುಗಿಸಿ. ತಿರುಪು ಸರಿಯಾಗಿ ಕೂರುವ ಹಳೆಯದೇ ಶಾಲೆಗೆ ಸಾಕು.

ಟ್ರಂಪೆಟ್ಟಿನ ಕತೆ ಚಿಕ್ಕದು. ಹೆಚ್ಚಿನ ವಿದ್ಯಾರ್ಥಿ ಟ್ರಂಪೆಟ್ಟುಗಳ ಜೊತೆ 7ಸಿ ಅಳತೆಯ ಮೌತ್‌ಪೀಸ್ ಬರುತ್ತದೆ. ವಾದ್ಯ ತಯಾರಕ ವಿನ್ಸೆಂಟ್ ಬಾಕ್ ಅವರ ಪದ್ಧತಿಯಲ್ಲಿ ಅಂಕಿ ಇಳಿದಷ್ಟೂ ಬಟ್ಟಲು ಅಗಲ. ಹಾಗಾಗಿ ಮುಂದೆ ಹೋಗುವ ಮಗು 5ಸಿ, 3ಸಿಗೆ ಇಳಿಯುತ್ತದೆ. ಅದಕ್ಕೆ ಅವಸರ ಬೇಡ. ಟ್ರಂಪೆಟ್ಟಿಗೆ ಬೇಕಾದ ದೊಡ್ಡ ಉಪಕಾರ ಒಂದು ಶೀಶೆ ವಾಲ್ವ್ ಎಣ್ಣೆ. ಅದಿಲ್ಲದೆ ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ವಾಲ್ವು ಅಂಟಿಕೊಂಡ ವಾದ್ಯಗಳು ನಮ್ಮ ಶಾಲೆಗಳ ಬೀರುಗಳಲ್ಲಿ ಮಲಗಿವೆ. ಸ್ಲೈಡಿಗೆ ಗ್ರೀಸು, ಒಳಗೆ ತೂರಿಸುವ ಉದ್ದ ಬ್ರಷ್ಷು, ಉಗುರುಬೆಚ್ಚಗಿನ ನೀರಿನ ಸ್ನಾನ, ಇಷ್ಟು ಸಿಕ್ಕರೆ ಸತ್ತಂತಿದ್ದ ಟ್ರಂಪೆಟ್ಟು ಎದ್ದು ಕೂರುತ್ತದೆ.

ಹಂಚಿಕೊಂಡು ಊದುವುದರ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ಎರಡು ಪಾಳಿಯ ಮಕ್ಕಳು ಒಂದೇ ವಾದ್ಯ ನುಡಿಸಲಿ, ತೊಂದರೆ ಇಲ್ಲ. ಆದರೆ ಒಂದೇ ಮೌತ್‌ಪೀಸಿಗೆ, ಒಂದೇ ಬ್ಯೂಗಲ್ಲಿನ ಬಾಯಿಗೆ, ತೊಳೆಯದೆ ಒಬ್ಬರಾದ ಮೇಲೆ ಒಬ್ಬರು ಬಾಯಿ ಇಡುವುದು ಯಾವ ಕಾರಣಕ್ಕೂ ಸಲ್ಲದು. ಪ್ರತಿ ಮಗುವಿಗೂ ಹೆಸರು ಬರೆದ ತನ್ನದೇ ಮೌತ್‌ಪೀಸ್ ಇರಲಿ. ಅಷ್ಟು ದುಡ್ಡಿಲ್ಲದಿದ್ದರೆ ಸೋಪು ನೀರು, ಸಣ್ಣ ಬ್ರಷ್ಷು, ಒಣ ಬಟ್ಟೆ ಬ್ಯಾಂಡ್ ಕೋಣೆಯಲ್ಲಿ ಕಾಯಂ ಇರಲಿ.

ಇನ್ನು ಡ್ರಮ್. ನಮ್ಮ ಸರ್ಕಾರಿ ಶಾಲೆಗಳ ಬ್ಯಾಂಡ್ ಎಂದರೆ ಬಹುಪಾಲು ಸೈಡ್ ಡ್ರಮ್, ದೊಡ್ಡ ಬಾಸ್ ಡ್ರಮ್, ತಾಳ, ಬ್ಯೂಗಲ್. ಆದ್ದರಿಂದ ಈ ವಿಷಯದಲ್ಲಿ ಇನ್ನಷ್ಟು ನಿಲ್ಲುತ್ತೇನೆ. ತೊಗಲಿನ ಮುಚ್ಚಿಗೆ ಮಳೆಗೆ ಸಡಿಲ, ಬಿಸಿಲಿಗೆ ಬಿಗಿ. ತಮಟೆಯವರು ಬೆಂಕಿಗೆ ಹಿಡಿದು ಕಾಯಿಸುವುದನ್ನು ಕಂಡಿರುತ್ತೀರಿ. 1950ರ ದಶಕದ ಕೊನೆಗೆ ಅಮೆರಿಕದಲ್ಲಿ ರೆಮೋ ಬೆಲ್ಲಿ ಮೊದಲಾದವರು ಪಾಲಿಯೆಸ್ಟರ್ ಹಾಳೆಯ ಸ್ಕಿನ್ನನ್ನು ಮಾರುಕಟ್ಟೆಗೆ ತಂದ ಮೇಲೆ ಬ್ಯಾಂಡ್ ಡ್ರಮ್ಮಿಗೆ ಹವೆಯ ಕಾಟ ಬಹಳ ಕಡಿಮೆಯಾಯಿತು. ಆದರೆ ಆ ಸ್ಕಿನ್ನಿಗೂ ಆಯುಷ್ಯ ಇದೆ ಎಂಬುದನ್ನು ಶಾಲೆಗಳು ಮರೆತಿವೆ. ಬೆರಳಿಂದ ಸವರಿದಾಗ ನಡುವೆ ಗುಳಿ ಸಿಕ್ಕಿದರೆ, ಮೇಲಿನ ಬಿಳಿ ಲೇಪ ಎದ್ದಿದ್ದರೆ ಅದರ ಕೆಲಸ ಮುಗಿಯಿತು. ಹೊಸ ಸ್ಕಿನ್ ಹಾಕಿ ತಿರುಪುಗಳನ್ನು ವರಸೆಯಾಗಿ ಬಿಗಿಯಬೇಡಿ. ಒಂದನ್ನು ಬಿಗಿದರೆ ಮುಂದಿನದು ಅದರ ನೇರ ಎದುರಿನದು. ಪ್ರತಿ ತಿರುಪಿನ ಪಕ್ಕ ಕೋಲಿನಿಂದ ಮೆಲ್ಲಗೆ ತಟ್ಟಿ, ಎಲ್ಲ ಕಡೆ ಒಂದೇ ಶ್ರುತಿ ಬರುವ ತನಕ ಸರಿಮಾಡಿ. ಇದಕ್ಕೆ ಬೇಕಾದದ್ದು ಒಂದು ಡ್ರಮ್ ಕೀ, ಮತ್ತೆ ಸ್ವಲ್ಪ ತಾಳ್ಮೆ. ಆ ಕೀ ಕಳೆದುಹೋಗಿ ಕಟಿಂಗ್ ಪ್ಲೈಯರಿನಲ್ಲಿ ತಿರುಗಿಸಿ ಮೂಲೆ ಸವೆದ ತಿರುಪುಗಳು ಪ್ರತಿ ಶಾಲೆಯಲ್ಲೂ ಸಿಗುತ್ತವೆ.

ಕೋಲು ಕೊಳ್ಳುವಾಗ ಅಂಗಡಿಯ ಗಾಜಿನ ಮೇಜಿನ ಮೇಲೆ ಉರುಳಿಸಿ ನೋಡಿ. ಸೊಟ್ಟ ಕೋಲು ಕುಣಿಯುತ್ತದೆ, ನೆಟ್ಟನೆಯದು ಸದ್ದಿಲ್ಲದೆ ಉರುಳುತ್ತದೆ. ಆಮೇಲೆ ಜೋಡಿಯ ಎರಡನ್ನೂ ಒಂದೊಂದಾಗಿ ಮೇಜಿಗೆ ತಟ್ಟಿ ಕಿವಿಗೊಡಿ. ಎರಡರ ದನಿ ಬೇರೆ ಬೇರೆಯಾದರೆ ತೂಕವೂ ಬೇರೆ, ಮಗುವಿನ ಒಂದು ಕೈ ಯಾವಾಗಲೂ ಹಿಂದೆ ಬೀಳುತ್ತದೆ. ತವಿಲ್ ಕಲಿಯುವವರಿಗೆ ಇದು ಹೊಸದಲ್ಲ. ಒಂದು ಕೈಯಲ್ಲಿ ಹೂವರಸಿ ಮರದ ಕೋಲು, ಇನ್ನೊಂದು ಕೈ ಬೆರಳುಗಳಿಗೆ ಅಂಟು ಹಚ್ಚಿ ಸುತ್ತಿ ಗಟ್ಟಿ ಮಾಡಿದ ಗೂಡುಗಳು. ಆ ಗೂಡನ್ನು ಆಯಾ ಬೆರಳಿನ ಗಾತ್ರಕ್ಕೇ ಕಟ್ಟಬೇಕು. ಅಣ್ಣನ ಗೂಡು ತಮ್ಮನ ಬೆರಳಿಗೆ ಆಗದು. ಹಲಸಿನ ಒಡಲಿಗೆ ತೊಗಲ ಪಟ್ಟಿಯ ಬದಲು ಕಬ್ಬಿಣದ ಬಳೆ, ಬೋಲ್ಟು ಬಂದದ್ದು ತವಿಲಿಗಾದ ದೊಡ್ಡ ಬದಲಾವಣೆ. ಕಲಿಯುವ ಹುಡುಗನೂ ಸ್ಪಾನರ್ ಹಿಡಿದು ಶ್ರುತಿ ಮಾಡಿಕೊಳ್ಳಬಲ್ಲ. ಒಡಲು ಅದೇ, ಸುತ್ತಲಿನ ಸಾಮಾನು ಬದಲಾಗಿ ವಾದ್ಯ ಕೈಗೆ ಹತ್ತಿರವಾಯಿತು.

ಮೈಯ ಮೇಲೂ ಒಂದಿಷ್ಟು ದಯೆ ಇರಲಿ. ಕ್ಲಾರಿನೆಟ್ಟಿನ ತೂಕ ಸುಮಾರು ಮುಕ್ಕಾಲು ಕಿಲೋ, ಅದರ ಬಹುಪಾಲು ಬೀಳುವುದು ಬಲಗೈಯ ಹೆಬ್ಬೆರಳಿನ ಮೇಲೆ. ಆರನೇ ತರಗತಿಯ ಮಗುವಿಗೆ ಕೊರಳ ಪಟ್ಟಿಯನ್ನೂ ಹೆಬ್ಬೆರಳಿಗೆ ರಬ್ಬರ್ ಮೆತ್ತೆಯನ್ನೂ ಕೊಟ್ಟು ನೋಡಿ, ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ಒಂದೇ ಹೆಗಲಿನ ಬೆಲ್ಟಿನಲ್ಲಿ ತೊಡೆಗೆ ಬಡಿಯುತ್ತ ನಡೆಯುವ ಸೈಡ್ ಡ್ರಮ್ಮಿನ ಬದಲು ಎರಡೂ ಹೆಗಲಿಗೆ ಭಾರ ಹಂಚುವ ಹಾರ್ನೆಸ್ ಸಿಕ್ಕರೆ ಮಗು ನೆಟ್ಟಗೆ ನಡೆಯುತ್ತದೆ. ಕಿವಿಯ ವಿಷಯ ಇದಕ್ಕಿಂತ ಗಂಭೀರ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿದ ಲೆಕ್ಕದಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಸಹಿಸಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬಲ್ಲಿಗೆ ಬಂದರೆ 15 ನಿಮಿಷ ಮಾತ್ರ. ತಗಡಿನ ಸೂರಿನ ಕೋಣೆಯಲ್ಲಿ ಹತ್ತಾರು ಡ್ರಮ್ಮುಗಳು ಒಟ್ಟಿಗೆ ಬಾರಿಸುವಾಗ ಈ ಮಿತಿ ಎಲ್ಲೋ ಹಾರಿಹೋಗಿರುತ್ತದೆ. ತಾಲೀಮನ್ನು ಮರದಡಿಗೆ ಒಯ್ಯಿರಿ, ಡ್ರಮ್ಮಿನವರಿಗೆ ಕಿವಿ ಬಿರಡೆ ಕೊಡಿ, ರೂಢಿಯ ಪಾಠಕ್ಕೆ ರಬ್ಬರ್ ಪ್ಯಾಡು ಬಳಸಿ. ಹೋದ ಕಿವಿ ಮತ್ತೆ ಬಾರದು.

ದುಬಾರಿ ಮರದ ಕ್ಲಾರಿನೆಟ್ ಕೊಡಿಸಲೇ ಎಂದು ಕೇಳುವ ತಂದೆತಾಯಿ ಇದ್ದಾರೆ. ಕೊಡಿಸಬೇಡಿ, ಈಗಲೇ ಬೇಡ. ಒಣ ಬಿಸಿಲಿನ ಸೀಮೆಯಲ್ಲಿ ಮೈದಾನದಲ್ಲಿ ನಿಲ್ಲುವ ಮಗುವಿಗೆ ಪ್ಲಾಸ್ಟಿಕ್ ಒಡಲೇ ಕ್ಷೇಮ, ಮರದ್ದು ಬಿರುಕು ಬಿಡುತ್ತದೆ. ನಾದಸ್ವರದ ಒಡಲಿಗೆ ಹದವಾಗಿ ಹಳತಾದ ಮರವನ್ನೇ ಹುಡುಕುವುದೂ ಸುಮ್ಮನೆ ಅಲ್ಲ. ಹೊಗೇನಕಲ್ಲಿನ ಕಾವೇರಿ ಕಾಡುಗಳಲ್ಲಿ ನಾವು ಕಮರ ಎಂದು ಕರೆಯುವ ಮರ ಇದೆಯಲ್ಲ, ತಮಿಳರ ಆಚ್ಚಾ ಮರ, ಅದೇ ಜಾತಿಯ ಮರವನ್ನು ತಂಜಾವೂರು ಜಿಲ್ಲೆಯ ನರಸಿಂಗಪೇಟೆಯವರು ಹಳೆಯ ಮನೆಗಳ ತೊಲೆಗಳಿಂದ ಆರಿಸಿ ತಂದು ಕೊರೆಯುತ್ತಾರೆ. ಆ ನಾದಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಆ ಊರಿನ ಕುಶಲಿಗಳ ಜೊತೆ ಕೂತು ನಾದಸ್ವರ ವಿದ್ವಾಂಸ ಟಿ.ಎನ್. ರಾಜರತ್ನಂ ಪಿಳ್ಳೆ ಉದ್ದನೆಯ ಬಾರಿ ನಾದಸ್ವರವನ್ನು ರೂಪಿಸಿಕೊಂಡದ್ದು ಸಂಗೀತದವರಿಗೆಲ್ಲ ಗೊತ್ತಿರುವ ಸಂಗತಿ. ಹಳೆಯ, ಗಿಡ್ಡನೆಯ ತಿಮಿರಿ ನಾದಸ್ವರದಲ್ಲಿ ಶುದ್ಧ ಮಧ್ಯಮ ನೆಟ್ಟಗೆ ನಿಲ್ಲುತ್ತಿರಲಿಲ್ಲ, ಊದಿನಲ್ಲಿ ಎಳೆದು ತರಬೇಕಿತ್ತು. ಅವರಿಗೆ ಬೇಕಾದದ್ದು ಇಂಥದೇ ಎಂದು ಅವರ ಕಿವಿಗೆ ಗೊತ್ತಿತ್ತು, ಅದಕ್ಕೇ ವಾದ್ಯ ಬದಲಾಯಿತು. ನಮ್ಮ ಕದ್ರಿ ಗೋಪಾಲನಾಥರೂ ಹಾಗೆಯೇ. ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾದಸ್ವರದ ಮನೆಯಲ್ಲಿ ಹುಟ್ಟಿದವರು, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದವರು. ವರ್ಷಗಟ್ಟಲೆ ಸಾಧನೆ ಮಾಡಿ, ಗಮಕಕ್ಕೆ ಎಲ್ಲಿ ಅಡ್ಡಿ ಎಂಬುದನ್ನು ಬೆರಳಲ್ಲೇ ಕಂಡುಕೊಂಡು, ಆ ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ಅದು ಕರ್ನಾಟಕ ಸಂಗೀತವನ್ನು ನುಡಿಯಿತು. ಇಬ್ಬರೂ ಕೊರತೆಯನ್ನು ಮೊದಲು ಗುರುತಿಸಿದರು, ಸಾಮಾನಿಗೆ ಆಮೇಲೆ ಕೈಹಾಕಿದರು.

ಮಗುವಿಗೂ ಇದೇ ಪ್ರಶ್ನೆ ಕೇಳಿ. ಯಾವ ಸ್ವರ ಕಷ್ಟ? ಎಲ್ಲಿ ನೋವು? ಕೆಳಗಿನ ಸ್ವರ ಬರುತ್ತಿಲ್ಲವೇ? ಕೆಳಗಿನ ಸ್ವರವೇ ಬರದಿದ್ದರೆ ರೀಡಿನ ತಪ್ಪಲ್ಲದಿರಬಹುದು, ಯಾವುದೋ ಪ್ಯಾಡಿನಲ್ಲಿ ಗಾಳಿ ಸೋರುತ್ತಿರಬಹುದು. ತೆಳು ಕಾಗದದ ಚೂರನ್ನು ಪ್ಯಾಡಿನಡಿ ಇಟ್ಟು ಮುಚ್ಚಿ ಎಳೆದು ನೋಡಿ, ಸುಲಭವಾಗಿ ಜಾರಿ ಬಂದರೆ ಅಲ್ಲೇ ಸೋರಿಕೆ. ಮೊದಲು ರಿಪೇರಿ, ಆಮೇಲೆ ಹೊಸ ಸಾಮಾನು. ಅಂಗಡಿಗೆ ಹೋಗುವಾಗ ಮಗುವನ್ನೂ ವಾದ್ಯವನ್ನೂ ಕರೆದೊಯ್ಯಿರಿ. ಎರಡು ಮೌತ್‌ಪೀಸುಗಳನ್ನು ಊದಿಸಿ, ನೀವು ಬೆನ್ನು ತಿರುಗಿಸಿ ನಿಂತು ಕೇಳಿ. ಬೆಲೆ ಚೀಟಿ ಕಾಣದ ಕಿವಿ ಸುಳ್ಳು ಹೇಳುವುದಿಲ್ಲ.

ಕೊನೆಗೆ, ಹಳೆಯ ವಿದ್ಯಾರ್ಥಿ ಸಂಘದವರಲ್ಲಿ, ಊರ ದಾನಿಗಳಲ್ಲಿ, ಪೋಷಕರಲ್ಲಿ ನನ್ನ ವಿನಂತಿ. ಈ ಸಲ ಸ್ವಾತಂತ್ರ್ಯ ದಿನಕ್ಕೆ ಶಾಲೆಗೆ ಏನಾದರೂ ಕೊಡಬೇಕೆಂದಿದ್ದರೆ ಶಾಲು, ಫಲಕ, ಟೋಪಿಯ ಗರಿ ಬೇಡ. ಬ್ಯಾಂಡ್ ಮಾಸ್ತರರನ್ನು ಕರೆದು ‘ಯಾವ ಡ್ರಮ್ಮಿನ ಸ್ಕಿನ್ ಹರಿದಿದೆ, ಯಾವ ಮಗುವಿಗೆ ರೀಡ್ ಇಲ್ಲ’ ಎಂದು ಕೇಳಿ. ಚೀಟಿ ಬರೆಸಿಕೊಳ್ಳಿ. ಎರಡು ಡಬ್ಬಿ ರೀಡು, ನಾಲ್ಕು ಸ್ಕಿನ್ನು, ಒಂದು ಶೀಶೆ ವಾಲ್ವ್ ಎಣ್ಣೆ, ಒಂದು ಡ್ರಮ್ ಕೀ ತಂದುಕೊಡಿ. ಅವುಗಳ ಮೇಲೆ ನಿಮ್ಮ ಹೆಸರು ಬರೆಯಲು ಜಾಗ ಇರುವುದಿಲ್ಲ. ಆದರೂ ಕೊಡಿ.